ಶೆಟ್ಟರ ಅಂಗಡಿಯ ಬೋರ್ಡು

ರಚನಾ ಕ್ರೆಡಿಟ್ ಕಾರ್ಡನ್ನು ಟೇಬಲ್ಲಿನ ಮೇಲೆ ಇಟ್ಟೇಬಿಟ್ಟಳು. "ಕಟ್ಟಿ ಕೈ ತೊಳ್ಕೊಳ್ಳೋಣ ರೀ. ಗ್ರೀನ್ ಕಾರ್ಡ್ ಬಾಗಿಲ ತನಕ ಬಂದಿರೋವಾಗ ಕೋರ್ಟು ಗೀರ್ಟು ಅಂತ ಅಲೆಯೋಕಾಗುತ್ತಾ?"

ಸಿನಿಮಾ ಕಂಪನಿಯ ವಕೀಲರಿಂದ ಬಂದು ಎದುರಿಗೆ ಬಿದ್ದಿದ್ದ ಪತ್ರ ಹೇಳುತ್ತಿದ್ದದ್ದು ಇಷ್ಟು: ಆಶ್‌ಬರ್ನ್‌ನ ಈ ಮನೆಯ ಇಂಟರ್ನೆಟ್ಟಿನಲ್ಲಿ ಒಂದು ಸಿನಿಮಾ ಕಳ್ಳದಾರಿಯಲ್ಲಿ ಇಳಿದಿದೆ, ಊರಿಗೆಲ್ಲ ಹಂಚಿಕೆಯೂ ಆಗಿದೆ, ದಂಡ ಕಟ್ಟಿ, ಇಲ್ಲವೇ ಕೋರ್ಟಿಗೆ ಬನ್ನಿ. ಆ ಸಿನಿಮಾದ ಹೆಸರನ್ನೇ ರಚನಾ ಕೇಳಿರಲಿಲ್ಲ. ಗಂಡ ಕೃಷ್ಣಪ್ರಸಾದನೋ, ಯಾವ ಸಿನಿಮಾ ಹಾಕಿದರೂ ಟೈಟಲ್ ಮುಗಿಯುವಷ್ಟರಲ್ಲಿ ಗೊರಕೆ ಹೊಡೆಯುವ ಆಸಾಮಿ.

"ಆಂಟಿ, ಕಾರ್ಡ್ ಒಳಗೆ ಇಡಿ," ಎಂದಳು ಇಶಾ. ಗೈದರ್ಸ್‌ಬರ್ಗಿನ ಸುಶೀಲಾ ಡಾಕ್ಟರ ಮಗಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಈಗ ಲಾಯರು. ರಚನಾ ಗಾಬರಿಯಲ್ಲಿ ಮಾಡಿದ ಒಂದೇ ಫೋನಿಗೆ ಓಡಿಬಂದಿದ್ದಳು. "ಅವರಿಗೆ ಕಾಲ್ ಮಾಡಬೇಡಿ. ಮನೇಲಿ ಏನೂ ತೆಗೀಬೇಡಿ, ಡಿಲೀಟ್ ಮಾಡಬೇಡಿ. ಈ ಡೇಟ್ ನೋಡಿ, ಅಕ್ಟೋಬರ್, ಈವ್ನಿಂಗ್. ಅವತ್ತು ಇಲ್ಲಿ ಯಾರು ಇದ್ರು?"

ರಚನಾ ಹಣೆ ಚಚ್ಚಿಕೊಂಡಳು. "ಅಯ್ಯೋ, ಅವತ್ತು ಸರಸ್ವತಿ ಪೂಜೆ ಕಣೇ! ಗೊಂಬೆ ನೋಡೋಕೆ ಅರ್ಧ ಆಶ್‌ಬರ್ನೇ ಬಂದಿತ್ತು."

"ವೈಫೈ ಪಾಸ್‌ವರ್ಡ್ ಯಾರಿಗೆ ಗೊತ್ತು?"

ಗಂಡ ಹೆಂಡತಿ ಇಬ್ಬರೂ ಟಿವಿಯ ಪಕ್ಕಕ್ಕೆ ತಿರುಗಿದರು. ಹಬ್ಬ ಮುಗಿದರೂ ಡಬ್ಬಿ ಸಿಗದೆ ಅಲ್ಲೇ ಉಳಿದಿದ್ದ ಡೊಳ್ಳುಹೊಟ್ಟೆಯ ಶೆಟ್ಟಿ ಗೊಂಬೆ, ಮಗ್ಗುಲಲ್ಲಿ ಶೆಟ್ಟಿಯ ಹೆಂಡತಿ, ಮುಂದೆ ಅಕ್ಕಿ ಬೇಳೆ ಬೆಲ್ಲದ ಅಂಗಡಿ. ಅಂಗಡಿ ಅಂದಮೇಲೆ ಬೋರ್ಡು ಬೇಡವೇ ಎಂದು ಕೃಷ್ಣಪ್ರಸಾದನೇ ಅಕ್ಕರೆಯಿಂದ ಬರೆದು ತೂಗುಹಾಕಿದ್ದ: ದುಂಡಗಿನ ಅಕ್ಷರದಲ್ಲಿ ವೈಫೈ ಪಾಸ್‌ವರ್ಡು. ಬಂದವರು ಬಾಯಿಬಿಟ್ಟು ಕೇಳುವ ಮೊದಲೇ ಕೊಡುವುದು ಮರ್ಯಾದೆ ಎಂದು ಅವನ ಲೆಕ್ಕ.

"ಎಲ್ಲರೂ ಅದರ ಫೋಟೋ ತಗೊಂಡ್ರು," ಎಂದ ಮೆಲ್ಲಗೆ.

"ಹಂಗಂತ ಬಂದವರ ಹೆಸರು ಮಾತ್ರ ಕೇಳ್ಬೇಡ ಇಶಾ." ರಚನಾಳ ದನಿ ಗಟ್ಟಿಯಾಯಿತು. "ಕರೆದು ಕುಂಕುಮ ಕೊಟ್ಟವರನ್ನ ಹಿಡ್ಕೊಡ್ಲಾ? ಅದಕ್ಕಿಂತ ದಂಡ ಕಟ್ಟೋದೇ ವಾಸಿ."

"ಹೆಸರು ಯಾಕೆ ಆಂಟಿ? ಯಾರು ಮಾಡಿದ್ರು ನಿಮಗೆ ಗೊತ್ತಿಲ್ಲ. ಗೆಸ್ ಮಾಡೋದು ನಮ್ಮ ಕೆಲಸ ಅಲ್ಲ. ಇಂಟರ್ನೆಟ್ ನಿಮ್ಮದು, ಓಕೆ. ಆದ್ರೆ ಮಾಡಿದ್ದು ನೀವು ಅಂತ ಅವರು ಪ್ರೂವ್ ಮಾಡಬೇಕು. ಇವರು ಮಾಡಿಲ್ಲ, ಪೇ ಮಾಡಲ್ಲ, ಇನ್ನು ನನ್ನ ಜೊತೆ ಮಾತಾಡಿ ಅಂತ ನಾನು ಬರೀತೀನಿ. ಈ ಲೆಟರ್ ತುಂಬಾ ಜನಕ್ಕೆ ಹೋಗುತ್ತೆ. ಹೆದರಿದವರು ಮಾತ್ರ ಪೇ ಮಾಡ್ತಾರೆ."

ರಚನಾ ಕಾರ್ಡನ್ನು ಪರ್ಸಿಗೆ ಸೇರಿಸಿದಳು. ಕಾಫಿಗೆ ಹಾಲಿಡಲು ಎದ್ದಳು. ಇಶಾ ಫೋನ್ ತೆಗೆದು ಟಕಟಕ ಉತ್ತರ ಬರೆಯತೊಡಗಿದಳು.

"ವೈಫೈ ಬೇಕೇನೇ?" ಅಡುಗೆಮನೆಯಿಂದ ರಚನಾ ಕೂಗಿದಳು.

"ಬೇಡ ಆಂಟಿ, ಆಗಲೇ ಕನೆಕ್ಟ್ ಆಗಿದೆ..."

ಕೃಷ್ಣಪ್ರಸಾದ ಅವಳನ್ನೇ ನೋಡಿದ. ಸರಸ್ವತಿ ಪೂಜೆಯ ದಿನ ಅಮ್ಮನ ರೇಷ್ಮೆ ಸೀರೆಯುಟ್ಟು ಬಂದು ಮೂರು ಬಟ್ಟಲು ಕಡಲೆ ಉಸಲಿ ತಿಂದು ಹೋದವಳು ಇವಳೇ ಅಲ್ಲವೇ?

ಇಶಾ ಕೆಂಪಗಾಗಿ ಎದ್ದು, ಶೆಟ್ಟರ ಬೋರ್ಡಿಗೆ ಕೈ ಹಾಕಿದಳು.

"ಏಯ್!" ಸೌಟು ಹಿಡಿದೇ ಓಡಿಬಂದ ರಚನಾ ಬಿದ್ದು ಬಿದ್ದು ನಕ್ಕಳು. "ಏನೂ ತೆಗೀಬೇಡಿ ಅಂದವಳು ನೀನೇ ಅಲ್ವೇನೇ!"