ಆಸ್ಪತ್ರೆಯಿಂದ ನಮ್ಮ ವರದಿಗಾರ್ತಿ

ಪೆನಾಲ್ಟಿ ಕಾರ್ನರ್‌ನಲ್ಲಿ ಸಿಡಿದ ಚೆಂಡು ನೆಟ್ಟಗೆ ಕ್ಯಾಪ್ಟನ್ನಳ ಗಂಟಲಿಗೆ ಬಡಿಯಿತು. ಸ್ಟಿಕ್ ಕೈಬಿಟ್ಟು ಮೊಣಕಾಲೂರಿದವಳು ಹಾಗೆಯೇ ಮಗ್ಗುಲಿಗೆ ಉರುಳಿದಳು. ಗೆರೆಯಾಚೆ ನಿಂತು ಮೊಬೈಲಿನಲ್ಲಿ ಲೈವ್ ಕೊಡುತ್ತಿದ್ದ ಹುಡುಗಿಯ ಮಾತು ಅರ್ಧಕ್ಕೇ ತುಂಡಾಯಿತು. ಪತ್ರಿಕೋದ್ಯಮ ಓದುತ್ತಿದ್ದ ಈ ಹುಡುಗಿಗೆ ಹಾಕಿಯೆಂದರೆ ಪಂಚಪ್ರಾಣ. ಬಾಯಿ ತೆರೆದರೆ ಆಟದ ವರ್ಣನೆಯೇ ಸುರಿಯುತ್ತಿದ್ದುದರಿಂದ ಕಾಲೇಜಿನಲ್ಲಿ ಅವಳಿಗೆ 'ಕಾಮೆಂಟ್ರಿ' ಎಂಬ ಹೆಸರೇ ಅಂಟಿಕೊಂಡಿತ್ತು. ಬಿದ್ದವಳು ಅವಳ ಹಾಸ್ಟೆಲ್ ಕೋಣೆಯ ಜೊತೆಗಾತಿ.

ಕಾಮೆಂಟ್ರಿಯೂ, ಝೂಮ್ ಎಂಬ ಅಡ್ಡಹೆಸರಿನ ಸಹಪಾಠಿಯೂ ಸೇರಿ ನಡೆಸುತ್ತಿದ್ದ ಹಾಕಿ ಪೇಜಿನ ಮೇಲೆ ಆ ಹೊತ್ತಿಗೆ ಎಂದೂ ಇಲ್ಲದಷ್ಟು ಜನ ಕಣ್ಣು ನೆಟ್ಟಿದ್ದರು. ಫೋನನ್ನು ಅವನ ಕೈಗೆ ತುರುಕಿ, "ಲೈವ್ ನಿಲ್ಲಿಸಬೇಡ!" ಎಂದು ಕೂಗಿಕೊಂಡೇ ಅವಳು ಮೈದಾನದೊಳಕ್ಕೆ ಓಡಿದಳು. ಕ್ಯಾಪ್ಟನ್ನಳ ಕಿಟ್ ಬ್ಯಾಗು ಎತ್ತಿಕೊಂಡು ಆಂಬುಲೆನ್ಸ್ ಹತ್ತಿದಾಗ ಗೆಳತಿಯ ನೀಲಿಗಟ್ಟಿದ ತುಟಿ ಕಂಡು ಅವಳ ಜೀವವೇ ಬಾಯಿಗೆ ಬಂತು. "ಉಸಿರೇ ಇಲ್ಲ ಕಣೋ!" ಎಂದು ಹಿಂದೆಯೇ ಓಡಿಬಂದಿದ್ದ ಝೂಮ್‌ನತ್ತ ಚೀರಿದಳು. ಬಾಗಿಲು ಮುಚ್ಚಿತು.

ಆಸ್ಪತ್ರೆಯಲ್ಲಿ ಸ್ಟ್ರೆಚರನ್ನು ಒಳಗೆ ತಳ್ಳಿಕೊಂಡು ಹೋದವರು ಅವಳನ್ನು ಹೊರಗೇ ನಿಲ್ಲಿಸಿದರು. ಬಾಗಿಲಿನ ಗಾಜಿಗೆ ಒಳಗಿನಿಂದ ಬಿಳಿ ಕಾಗದ ಅಂಟಿಸಿದ್ದರು. ಓಡಾಡುವ ನೆರಳುಗಳ ಹೊರತು ಏನೂ ಕಾಣುತ್ತಿರಲಿಲ್ಲ. ಬ್ಯಾಗಿನೊಳಗೆ ಕ್ಯಾಪ್ಟನ್ನಳ ಫೋನು ಗುರುಗುಟ್ಟತೊಡಗಿತು. ತೆಗೆದು ನೋಡಿದರೆ, 'ಅಪ್ಪ'. ದೂರದೂರಿನ ಬಸ್ಸು ಓಡಿಸುವ ಅವರು ಈ ಹೊತ್ತಿನಲ್ಲಿ ಎಂದೂ ಫೋನು ಮಾಡುತ್ತಿರಲಿಲ್ಲ.

"ಅಂಕಲ್, ನಾನು ಕಾಮೆಂಟ್ರಿ."

"ಬಸ್ಸನ್ನ ಪಕ್ಕಕ್ಕೆ ಹಾಕಿ ನಿಂತಿದೀನಮ್ಮಾ." ಅವರ ದನಿಯಲ್ಲಿ ಗಾಳಿಯಷ್ಟೇ ಉಳಿದಂತಿತ್ತು. "ಪ್ಯಾಸೆಂಜರ್ ಒಬ್ರು ಮೊಬೈಲ್ ತೋರಿಸಿದ್ರು. ನನ್ನ ಮಗಳು ತೀರ್ಕೊಂಡ್ಲಂತೆ. ಬೇರೆ ಯಾರಾದ್ರೂ ಬರೆದಿದ್ರೆ ನಂಬ್ತಿರಲಿಲ್ಲ. ನಿಮ್ಮ ಪೇಜಲ್ಲೇ ಇದೆ. ಆಸ್ಪತ್ರೆಯಿಂದ ನಮ್ಮ ವರದಿಗಾರ್ತಿ ಖಚಿತಪಡಿಸಿದ್ದಾರೆ ಅಂತ ಹಾಕಿ, ಕೆಳಗೆ ನಿನ್ನ ಹೆಸರಿದೆ."

'ಏನೂ ಆಗಿಲ್ಲ, ಚೆನ್ನಾಗಿದಾಳೆ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡಳು.

"ನಾನು ಹಾಗೆ ಹೇಳಿಲ್ಲ ಅಂಕಲ್. ಡಾಕ್ಟರು ಇನ್ನೂ ಒಳಗಿದಾರೆ. ನಾನು ಬಾಗಿಲ ಹೊರಗೇ ನಿಂತಿದೀನಿ. ಏನಾಗಿದೆ ಅಂತ ನನಗೆ ಗೊತ್ತಿಲ್ಲ. ಇನ್ನೂ ಯಾರಿಗೂ ಗೊತ್ತಿಲ್ಲ."

ಆ ಕಡೆ ಅವರು ಯಾರದೋ ಕಾರು ಹತ್ತಿ ಬಾಗಿಲು ಹಾಕಿಕೊಂಡ ಸದ್ದು.

"ಹಾಗಾದ್ರೆ ಇದಾಳೆ ಅಂದ್ಕೊಂಡೇ ಬರ್ತೀನಿ" ಎಂದು ಅವರು ಫೋನಿಟ್ಟರು.

ಅದೇ ಫೋನಿನಿಂದ ಅವಳು ಝೂಮ್ ಬಳಿಯಿದ್ದ ತನ್ನದೇ ನಂಬರಿಗೆ ಫೋನು ಮಾಡಿದಳು. "ತೆಗಿಯೋ ಅದನ್ನ! ಈಗಿಂದೀಗ್ಲೇ ತೆಗಿ!"

"ಉಸಿರೇ ಇಲ್ಲ ಅಂತ ನೀನೇ ಹೇಳಿದ್ಯಲ್ಲೇ..." ಝೂಮ್ ತಬ್ಬಿಬ್ಬಾದ. "ಮೊದಲು ಹಾಕೋಣ, ತಪ್ಪಿದ್ರೆ ಆಮೇಲೆ ತಿದ್ದೋಣ ಅಂತ ಯಾವಾಗ್ಲೂ ಅನ್ನೋಳು ನೀನೇ ತಾನೇ?"

"ತೆಗಿ" ಎಂದಳು ಮತ್ತೆ, ಮೆಲ್ಲಗೆ.

"ತೆಗೆದೆ. ಆದ್ರೆ ಬೇರೆ ಪೇಜ್‌ನೋರೆಲ್ಲ ಎತ್ಕೊಂಡ್ಬಿಟ್ಟಿದಾರೆ. ಟೀವಿಯಲ್ಲೂ ಓಡ್ತಿದೆ. ಎಲ್ಲಾ ಕಡೆ ನಿನ್ನ ಹೆಸರೇ ಕಣೇ."

ಟೀವಿಯಲ್ಲಿ ತನ್ನ ಹೆಸರು ಬರುವ ದಿನವನ್ನು ಅವಳು ಕಾಲೇಜು ಸೇರಿದಾಗಿನಿಂದ ಕನಸು ಕಂಡಿದ್ದಳು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಬ್ಯಾಗನ್ನು ಎದೆಗವಚಿಕೊಂಡು ಎಷ್ಟು ಹೊತ್ತು ಕುಳಿತಿದ್ದಳೋ, ಬಾಗಿಲು ತೆರೆದುಕೊಂಡು ವೈದ್ಯೆ ಹೊರಬಂದರು. "ಉಸಿರಾಟ ಸರಿಹೋಗಿದೆ. ಗಂಟಲಿಗೆ ಟ್ಯೂಬ್ ಹಾಕಿದೀವಿ, ಸದ್ಯಕ್ಕೆ ಮಾತಾಡೋ ಹಾಗಿಲ್ಲ. ಪ್ರಾಣಕ್ಕೇನೂ ಭಯ ಇಲ್ಲ. ಮನೆಯವರು ಬಂದ್ರೆ ಒಬ್ರನ್ನ ಬಿಡ್ತೀವಿ. ಫೋನು ಗೀನು ಒಳಗೆ ತರೋ ಹಾಗಿಲ್ಲ." ಅಲ್ಲಿಯವರೆಗೂ ತಡೆದುಕೊಂಡಿದ್ದ ಅಳು ಆಗ ಒಮ್ಮೆಲೇ ನುಗ್ಗಿ ಬಂತು.

ಕ್ಯಾಪ್ಟನ್ನಳ ಅಪ್ಪ ಬಂದವರೇ ಅವಳತ್ತ ನೋಡದೆ ಒಳಗೆ ಹೋದರು. ಹೊರಬಂದಾಗ ಸಮವಸ್ತ್ರದ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅವಳು ಎದ್ದು ನಿಂತಳು. ಬೈಯಲಿ, ಬೇಕಾದರೆ ಕೆನ್ನೆಗೆ ಎರಡು ಬಿಗಿಯಲಿ ಎಂದುಕೊಂಡೇ ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ. ಮನೆಗೆ ಫೋನು ಹಚ್ಚಿದರು.

"ಬದುಕಿದಾಳೆ ಕಣೇ. ನಾನೇ ಕಣ್ಣಾರೆ ನೋಡ್ಕೊಂಡು ಬಂದೆ. ನನ್ನ ಕೈ ಹಿಡ್ಕೊಂಡ್ಲು... ಇಲ್ಲ ಕಣೇ, ಸಮಾಧಾನಕ್ಕೆ ಹೇಳ್ತಿಲ್ಲ... ನಿನ್ನಾಣೆ..." ಫೋನನ್ನು ಅವಳತ್ತ ಚಾಚಿದರು. "ಇವಳಮ್ಮ ಟೀವಿ ನೋಡಿಬಿಟ್ಟಿದಾಳೆ. ನಾನು ಹೇಳಿದ್ರೆ ನಂಬ್ತಿಲ್ಲ. ನೀನೇ ಹೇಳಮ್ಮಾ."

ಅವಳು ಫೋನು ಕಿವಿಗಿಟ್ಟಳು. ಆ ಕಡೆ ಮನೆ ತುಂಬ ಜನ ಅಳುತ್ತಿದ್ದರು.

"ಆಂಟೀ, ಅವಳು ಬದುಕಿದಾಳೆ. ಡಾಕ್ಟರೇ ಹೇಳಿದ್ರು. ಪೇಜಲ್ಲಿ ಬಂದಿದ್ದು ತಪ್ಪು, ನಾನು..."

"ನೀನೂ ಶುರು ಮಾಡಿದ್ಯಾ ಮಗಳೇ?" ತಾಯಿಯ ದನಿಯಲ್ಲಿ ಕೋಪವಿರಲಿಲ್ಲ; ಇವಳನ್ನೇ ಸಂತೈಸುವಂತಿತ್ತು. "ಊರಿಗೆಲ್ಲ ನಿಜ ಹೇಳಿದವಳು ನನ್ನೊಬ್ಬಳ ಹತ್ರ ಯಾಕಮ್ಮಾ ಮುಚ್ಚಿಡ್ತೀಯ? ಎಷ್ಟು ಹೊತ್ತಿಗೆ ಮನೆಗೆ ತರ್ತಾರೆ, ಅಷ್ಟು ಹೇಳು ಸಾಕು."