ಎಣ್ಣೆ ಬರುವ ತನಕ

ಕೊರೆಯುವಾಗ ಬಳಸಿದ ಕೆಸರು ತಳದಲ್ಲಿ ಗಟ್ಟಿಯಾಗಿ ಕುಳಿತು ತೈಲಬಾವಿ ಕಟ್ಟಿಕೊಂಡಿತ್ತು. ಅದನ್ನು ಕರಗಿಸಲು ಆಸಿಡ್ ಬಿಡುತ್ತಿದ್ದಾಗ ಪೈಪು ಕಳಚಿ, ಮೋನಪ್ಪನ ಕಣ್ಣಿಗೇ ಸಿಡಿಯಿತು. ಜೊತೆಗಾರ ಹಮೀದ್ ನೀರು ಸುರಿದು ಸುರಿದು ತೊಳೆದ.

“ಸಾರ್, ಇರೋ ಒಂದು ಜೀಪಲ್ಲಿ ಇವನನ್ನ ಆಸ್ಪತ್ರೆಗೆ ಕಳಿಸಿ.”

“ಈಗ ಒಬ್ಬರನ್ನೂ ಬಿಡೋಕಾಗಲ್ಲ, ಬಾವಿ ಕೆಟ್ಟುಹೋಗುತ್ತೆ,” ಎಂದ ಎಂಜಿನಿಯರ್. “ಎಣ್ಣೆ ಬರಲಿ. ಆ ಕ್ಷಣವೇ ಜೀಪು ಹೊರಡುತ್ತೆ.”

ಹಮೀದ್ ಹುಚ್ಚನಂತೆ ದುಡಿದ. ಸಂಜೆಯ ಹೊತ್ತಿಗೆ ಕೆಸರೆಲ್ಲ ಹೊರಬಂದು, ಅದರ ಹಿಂದೆಯೇ ಎಣ್ಣೆ ಚಿಮ್ಮಿತು.

“ಬಂತಾ?” ಎನ್ನುತ್ತ ಮೋನಪ್ಪ ತಡವರಿಸಿಕೊಂಡು ಎದ್ದ.

“ಬಂತು ಕಣೋ, ನಡಿ!”

ಹಮೀದ್ ಅವನ ಕೈ ಹಿಡಿದು ಕರೆತರುವಷ್ಟರಲ್ಲಿ, ಒಂದು ಸೀಸೆ ಎಣ್ಣೆ ತುಂಬಿಕೊಂಡು, ಮಾಲೀಕರಿಗೆ ತೋರಿಸಲೆಂದು ಎಂಜಿನಿಯರ್ ಜೀಪು ಹತ್ತಿ ಹೊರಟುಹೋಗಿದ್ದ.