ಅಪ್ಪನ ಕುರ್ಚಿಯಲ್ಲಿ ಗಿಟಾರು

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಹೆಗಲು ತಾನಾಗಿ ಸಡಿಲವಾಗುತ್ತದೆ.

ಹೊನ್ನಾಳಿಯ ನಮ್ಮ ಮನೆಗೆ ಗಿಟಾರು ಬಂದಾಗ ನನಗೆ ಹನ್ನೊಂದು ವರ್ಷ. “ವಿದ್ಯೆ ಕಲಿಯಾಕೆ ಕುರ್ಚಿ ಯಾಕೆ? ಚಾಪೆ ಮೇಲೆ ಕೂತ್ಕೋ” ಎಂದಿದ್ದರು ಅಪ್ಪ. ಚಕ್ಕಳಮಕ್ಕಳ ಹಾಕಿ ಕೂತರೆ ಗಿಟಾರು ತೊಡೆಯಿಂದ ಜಾರುತ್ತಿತ್ತು. ಅದನ್ನು ತಬ್ಬಿಕೊಂಡು, ಬಗ್ಗಿ ನುಡಿಸಿ ನುಡಿಸಿ, ಒಂದು ಮಧ್ಯಾಹ್ನ ತೋಳು ಎತ್ತಲಾಗದೆ ಅತ್ತುಬಿಟ್ಟೆ.

ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಹಿಟ್ಟಿನ ಕೈ ತೊಳೆದು, ಬಟ್ಟಲಲ್ಲಿ ಕರ್ಪೂರದ ಎಣ್ಣೆ ಕಾಯಿಸಿ ತಂದು ನನ್ನ ಹೆಗಲಿಗೆ, ತೋಳಿಗೆ ತಿಕ್ಕಿದಳು. ಆಮೇಲೆ ಅಪ್ಪನ ಕುರ್ಚಿಯನ್ನೇ ಎಳೆದು ತಂದು ಕೂರಿಸಿದಳು.

“ನೋವು ನುಂಗ್ಕೊಂಡು ಕಲಿಯೋದು ಬ್ಯಾಡ ಮಗಾ. ನೆಟ್ಟಗೆ ಕೂತ್ಕೋ. ನಿಮ್ಮಪ್ಪಂಗೆ ನಾನ್ ಹೇಳ್ತೀನಿ.”

ನಾನು ನುಡಿಸತೊಡಗಿದೆ. ಅಜ್ಜಿ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ತನ್ನ ಬಲ ಹೆಗಲಿಗೆ ಸವರಿಕೊಂಡು, ಮತ್ತೆ ಒಲೆಯ ಮುಂದೆ ನೆಲದ ಮೇಲೆ ಬಗ್ಗಿ ಕೂತಳು.